ಕನ್ನಡಿಯ ಆಚೆ ಕೂತವರು

ಕುಟುಂಬ ಚಿಕಿತ್ಸಕ ಸಾಲ್ವಡಾರ್ ಮಿನೂಚಿನ್ ನಾಲ್ವರು ಸಹೋದ್ಯೋಗಿಗಳೊಂದಿಗೆ ಸೇರಿ 1967ರಲ್ಲಿ ಹೊರತಂದ ‘ಫ್ಯಾಮಿಲೀಸ್ ಆಫ್ ದ ಸ್ಲಮ್ಸ್’ ಸುಲಭಕ್ಕೆ ಓದಿಸಿಕೊಳ್ಳುವ ಪುಸ್ತಕವಲ್ಲ. ನಾನೂರು ಪುಟ ದಾಟಿದ ಗ್ರಂಥ. ಮಾತುಕತೆಯ ದಾಖಲೆಗಳು, ಅಂಕ ಹಾಕುವ ವಿಧಾನ, ಹೋಲಿಕೆಯ ಲೆಕ್ಕಾಚಾರ ಎಲ್ಲ ಒಟ್ಟಾಗಿ ಓದುಗನ ತಾಳ್ಮೆ ಪರೀಕ್ಷಿಸುತ್ತವೆ. ಆದರೂ ಬಡವರ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುವವರನ್ನು ಹೇಗೆ ತಯಾರು ಮಾಡಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಇದೇ ಪುಸ್ತಕ, ಮತ್ತು ಇದರ ಬೆನ್ನಿಗೆ ಫಿಲಡೆಲ್ಫಿಯಾದಲ್ಲಿ ಶುರುವಾದ ಒಂದು ತರಬೇತಿ ಪ್ರಯೋಗ. ಪುಸ್ತಕಕ್ಕಿಂತ ಪ್ರಯೋಗ ದೊಡ್ಡದು ಎನ್ನುವುದು ನನ್ನ ಅಭಿಪ್ರಾಯ. ದುರದೃಷ್ಟವೆಂದರೆ ಪಠ್ಯಕ್ರಮಗಳು ಉಳಿಸಿಕೊಂಡದ್ದು ಪುಸ್ತಕದ ಪರಿಭಾಷೆಯನ್ನು ಮಾತ್ರ.

ಪುಸ್ತಕಕ್ಕೆ ಆಧಾರವಾದ ಕೆಲಸ ನಡೆದದ್ದು ವಿಲ್ಟ್ವಿಕ್ ಎಂಬ ವಸತಿ ಶಾಲೆಯಲ್ಲಿ. ನ್ಯೂಯಾರ್ಕ್ ನಗರದ ಬಡ ಕೇರಿಗಳಲ್ಲಿ ಕಳವು, ಜಗಳ, ಶಾಲೆ ತಪ್ಪಿಸುವುದು ಎಂದೆಲ್ಲ ಸಿಕ್ಕಿಬಿದ್ದ ಹುಡುಗರನ್ನು ಅಲ್ಲಿಗೆ ಕಳಿಸುತ್ತಿದ್ದರು. ಹೆಚ್ಚಿನವರು ಕಪ್ಪು ಜನಾಂಗದವರು, ಪೋರ್ಟೊರಿಕೊ ಮೂಲದವರು. ಬಾಕ್ಸರ್ ಫ್ಲಾಯ್ಡ್ ಪ್ಯಾಟರ್ಸನ್, ಲೇಖಕ ಕ್ಲಾಡ್ ಬ್ರೌನ್ ಇಬ್ಬರೂ ಬಾಲ್ಯದಲ್ಲಿ ಅಲ್ಲಿದ್ದವರೇ. ಹುಡುಗರು ಶಾಲೆಯಲ್ಲಿದ್ದಷ್ಟು ದಿನ ಸುಧಾರಿಸುತ್ತಿದ್ದರು, ಮನೆಗೆ ಹೋದ ಮೇಲೆ ಮತ್ತೆ ಹಳೆಯ ದಾರಿ ಹಿಡಿಯುತ್ತಿದ್ದರು. ವಾರಕ್ಕೊಮ್ಮೆ ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ‘ನಿನಗೇನನ್ನಿಸುತ್ತದೆ?’ ಎಂದು ಕೇಳುವ ಪದ್ಧತಿ ಹುಟ್ಟಿದ್ದು ಓದುಬರಹ ಬಲ್ಲ, ತನ್ನ ಬಗ್ಗೆ ಮಾತಾಡಿ ರೂಢಿಯಿರುವ ಮಧ್ಯಮ ವರ್ಗಕ್ಕಾಗಿ. ಬಡವರು ಅದಕ್ಕೆ ಸ್ಪಂದಿಸದೇ ಹೋದಾಗ ಅವರು ಚಿಕಿತ್ಸೆಗೆ ಒಗ್ಗುವವರೇ ಅಲ್ಲ ಎಂದು ಆಗಿನ ವೃತ್ತಿಲೋಕ ತೀರ್ಪು ಕೊಟ್ಟು ಕೈತೊಳೆದುಕೊಂಡಿತ್ತು. ಅರ್ಜೆಂಟೀನಾದಲ್ಲಿ ಹುಟ್ಟಿ ಬೆಳೆದ ಯೆಹೂದಿ ಮನೆತನದ ಮಿನೂಚಿನ್ ಮತ್ತು ಪೋರ್ಟೊರಿಕೊದ ಬ್ರೌಲಿಯೊ ಮೊಂಟಾಲ್ವೊ ಈ ತೀರ್ಪನ್ನು ಒಪ್ಪಲಿಲ್ಲ. ಇಡೀ ಮನೆಯವರನ್ನು ಕರೆದು ಕೂರಿಸಿದರು, ಮಧ್ಯೆ ಒಂದೇ ಕಡೆಯಿಂದ ಆಚೆ ಕಾಣುವ ಏಕಮುಖ ಕನ್ನಡಿ ಹಾಕಿಸಿ ಅದರ ಹಿಂದೆ ಸರದಿಯಂತೆ ಕೂತು ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿದರು. ಕುಟುಂಬ ಚಿಕಿತ್ಸೆಯ ತರಬೇತಿ ಅವರಲ್ಲಿ ಯಾರಿಗೂ ಆಗಿರಲಿಲ್ಲ, ನೋಡುತ್ತ ನೋಡುತ್ತ ಕಲಿತರು.

ಪುಸ್ತಕದ ಕೊರತೆಯೂ ಇಲ್ಲೇ ಇದೆ. ಕನ್ನಡಿಯೊಳಗೆ ಕಾಣುವುದು ಒಂದು ಕೋಣೆ, ಅದರಲ್ಲಿ ಒಬ್ಬ ತಾಯಿ, ನಾಲ್ಕೈದು ಮಕ್ಕಳು. ಬಾಡಿಗೆ ಏರಿಸಿದ ಮನೆ ಮಾಲೀಕ, ಹುಡುಗನನ್ನು ಎಳೆದೊಯ್ದ ಪೊಲೀಸ್, ಭತ್ಯೆ ತಡೆಹಿಡಿದ ಕಚೇರಿ ಇವರಾರೂ ಆ ಕೋಣೆಗೆ ಬರುವುದಿಲ್ಲ, ಹಾಗಾಗಿ ಪುಸ್ತಕದಲ್ಲೂ ಅಂಚಿನಲ್ಲೇ ಉಳಿಯುತ್ತಾರೆ. ಕಪ್ಪು ಕುಟುಂಬದ ರಚನೆಯಲ್ಲೇ ರೋಗವಿದೆ ಎಂಬ ಧಾಟಿಯ ಮೊಯ್ನಿಹಾನ್ ವರದಿ 1965ರಲ್ಲಿ ಬಂದು ದೊಡ್ಡ ಗದ್ದಲವೆಬ್ಬಿಸಿತ್ತು. ಎರಡು ವರ್ಷದ ನಂತರ ಬಂದ ಈ ಪುಸ್ತಕ ಅದರಷ್ಟು ಒರಟಲ್ಲ, ಆದರೂ ಅದೇ ಗಾಳಿ ಇಲ್ಲೂ ಬೀಸುತ್ತದೆ. ಕೇರಿಯ ಇಂಥದೇ ಬಡ ಮನೆಗಳಲ್ಲಿ ದಾರಿ ತಪ್ಪದ ಮಕ್ಕಳೂ ಇದ್ದಾರೆ ಎಂದು ತೋರಿಸಲು ಲೇಖಕರು ಆ ಕುಟುಂಬಗಳನ್ನೂ ಹೋಲಿಕೆಗೆ ತಂದದ್ದು ಒಳ್ಳೆಯ ಉದ್ದೇಶದಿಂದಲೇ. ಅದರಿಂದ ಹೊರಟ ಧ್ವನಿ ಮಾತ್ರ ಬೇರೆ: ತಪ್ಪೇನಿದ್ದರೂ ಈ ಮನೆಯೊಳಗೇ ಇರಬೇಕು, ಬಹುಮಟ್ಟಿಗೆ ತಾಯಿಯ ಕೈಯಲ್ಲೇ ಇರಬೇಕು. ಕುಟುಂಬ ಚಿಕಿತ್ಸೆ ಹೆಂಗಸಿನ ತಲೆಗೆ ಹೊಣೆ ಕಟ್ಟುವ ಬಗೆಯನ್ನು ಮನಶ್ಶಾಸ್ತ್ರಜ್ಞೆ ರೇಚಲ್ ಹೇರ್‌ಮಸ್ಟಿನ್ 1978ರಲ್ಲೇ ಪ್ರಶ್ನಿಸಿದರು. ಆ ಟೀಕೆಗೆ ಈ ಪಂಥದವರಿಂದ ತೃಪ್ತಿಕರ ಉತ್ತರ ಬಂದದ್ದನ್ನು ನಾನಂತೂ ಓದಿಲ್ಲ.

ಇನ್ನು ಫಿಲಡೆಲ್ಫಿಯಾ. ಮಿನೂಚಿನ್ 1965ರಲ್ಲಿ ಅಲ್ಲಿನ ಚೈಲ್ಡ್ ಗೈಡೆನ್ಸ್ ಕ್ಲಿನಿಕ್ಕಿನ ನಿರ್ದೇಶಕರಾದರು. ಮೊಂಟಾಲ್ವೊ ಜೊತೆಗೆ ಬಂದರು, 1967ರಲ್ಲಿ ಕ್ಯಾಲಿಫೋರ್ನಿಯಾದಿಂದ ಕುಟುಂಬ ಚಿಕಿತ್ಸಕ ಜೇ ಹೇಲಿ ಬಂದು ಸೇರಿದರು. ಮೂವರೂ ದಿನಾ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದರಂತೆ. ಅವರ ಸಿದ್ಧಾಂತದ ಬಹುಪಾಲು ಸೆಮಿನಾರು ಕೋಣೆಯಲ್ಲಿ ಹುಟ್ಟದೆ ಕಾರಿನಲ್ಲಿ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಕ್ಲಿನಿಕ್ಕಿಗೆ ಬರುವವರು ಬಡ ಕಪ್ಪು ಮತ್ತು ಲ್ಯಾಟಿನೊ ಜನ, ಚಿಕಿತ್ಸಕರು ಬಹುತೇಕ ಬಿಳಿಯ ಪದವೀಧರರು. ಇಂಥ ಕಡೆ ಈಗಿನವರು ಮಾಡುವುದು ಗೊತ್ತೇ ಇದೆ: ಬೇರೆ ಸಂಸ್ಕೃತಿಗಳ ಕುರಿತು ಒಂದು ಪೇಪರ್ ಸೇರಿಸುತ್ತಾರೆ, ಕೊನೆಗೆ ಒಂದು ಪರೀಕ್ಷೆ. ಮಿನೂಚಿನ್, ಹೇಲಿ ತಿರುಗಿಸಿ ಯೋಚಿಸಿದರು. ಪದವೀಧರರಿಗೆ ಕೇರಿಯನ್ನು ಕಲಿಸುವ ಬದಲು ಕೇರಿಯವರಿಗೆ ಚಿಕಿತ್ಸೆಯನ್ನೇ ಕಲಿಸೋಣ ಎಂದು ಅಲ್ಲಿಯವರನ್ನೇ, ಕಾಲೇಜು ಪದವಿ ಇಲ್ಲದವರನ್ನು, ಸಂಬಳ ಕೊಟ್ಟು ಕುಟುಂಬ ಚಿಕಿತ್ಸಕರ ತರಬೇತಿಗೆ ತೆಗೆದುಕೊಂಡರು. ಸಹಾಯಕರು ಅಥವಾ ದುಭಾಷಿಗಳನ್ನಾಗಿ ಮಾಡಲು ಕರೆಸಿದ್ದಲ್ಲ, ಕೇಸಿನ ಪೂರ್ಣ ಹೊಣೆ ಹೊರುವವರನ್ನಾಗಿ ಮಾಡಲು.

ಓದಿಸಿ, ಆಮೇಲೆ ಕೆಲಸಕ್ಕೆ ಬಿಡುವ ಕ್ರಮ ಇವರಿಗೆ ಹೊಂದುವಂತಿರಲಿಲ್ಲ. ಹಾಗಾಗಿ ಮೊದಲ ದಿನಗಳಿಂದಲೇ ಕುಟುಂಬದ ಎದುರು ಕೂರಿಸಿದರು. ಗುರು ಕನ್ನಡಿಯ ಹಿಂದೆ ಇರುತ್ತಾರೆ, ಮಾತು ಎಲ್ಲೋ ಸಿಕ್ಕಿಕೊಂಡಾಗ ಕೋಣೆಯೊಳಗಿನ ಫೋನು ರಿಂಗಾಗುತ್ತದೆ. ‘ಅಮ್ಮನನ್ನು ಕೇಳು, ಹುಡುಗನನ್ನಲ್ಲ’ ಎನ್ನುವಷ್ಟೇ ಚಿಕ್ಕ ಸಲಹೆ. ಇದರ ಎದುರು ನಮ್ಮ ಸಾಮಾನ್ಯ ಕ್ರಮವನ್ನಿಟ್ಟು ನೋಡಿ. ವಿದ್ಯಾರ್ಥಿ ಒಬ್ಬನೇ ಕೇಸು ನೋಡುತ್ತಾನೆ, ಬರೆದು ತರುತ್ತಾನೆ, ಗುರುಗಳು ಆ ಬರಹವನ್ನು ತಿದ್ದುತ್ತಾರೆ. ತಿದ್ದಿದ್ದು ಬರಹ, ಕೆಲಸವಲ್ಲ. ಚೆನ್ನಾಗಿ ಬರೆಯಬಲ್ಲವನು ತನ್ನ ದೌರ್ಬಲ್ಯವನ್ನು ಎರಡು ವರ್ಷವೂ ಮುಚ್ಚಿಡಬಹುದು. ಕನ್ನಡಿಯ ಮುಂದೆ ಆ ಅನುಕೂಲ ಯಾರಿಗೂ ಇಲ್ಲ.

ಮೊಂಟಾಲ್ವೊ ಅವರ ಒಂದು ಕೇಸು ಅಲ್ಲಿ ಪಾಠವಾಗಿ ಚಿತ್ರೀಕರಣಗೊಂಡಿತು, 1974ರಲ್ಲಿ ಬಂದ ಮಿನೂಚಿನ್ನರ ಇನ್ನೊಂದು ಪುಸ್ತಕದಲ್ಲೂ ಅದು ಒಂದು ಅಧ್ಯಾಯ. ಬೆಂಕಿ ಹಚ್ಚುವ ಪುಟ್ಟ ಹುಡುಗಿ, ಒಬ್ಬಂಟಿ ತಾಯಿ. ತಾಯಿಗೂ ಮಗಳಿಗೂ ನಡುವೆ ಮನೆಯ ಯಜಮಾನಿಕೆ ಹೊತ್ತ ದೊಡ್ಡ ಹುಡುಗ. ಮೊಂಟಾಲ್ವೊ ಹುಡುಗಿಯ ಮನಸ್ಸಿನಲ್ಲಿ ಬೆಂಕಿಗೆ ಏನರ್ಥ ಎಂದು ಕೆದಕುವುದಿಲ್ಲ. ಕೈ ಸುಟ್ಟುಕೊಳ್ಳದೆ ಕಡ್ಡಿ ಗೀರುವುದು ಹೇಗೆಂದು ಮಗಳಿಗೆ ಕಲಿಸಿಕೊಡಿ ಎಂದು ತಾಯಿಗೆ ಹೇಳುತ್ತಾರೆ. ಆಕೆಗೆ ಚೆನ್ನಾಗಿ ಬರುವ ಕೆಲಸ ಅದು. ದಿನಾ ಸ್ವಲ್ಪ ಹೊತ್ತು ಅವರಿಬ್ಬರೇ ಕೂರಬೇಕಾಗುತ್ತದೆ, ದೊಡ್ಡ ಹುಡುಗ ತಾನಾಗಿ ಪಕ್ಕಕ್ಕೆ ಸರಿಯುತ್ತಾನೆ. ಈ ಒಂದು ಅಧ್ಯಾಯ 1967ರ ಇಡೀ ಗ್ರಂಥಕ್ಕಿಂತ ಹೆಚ್ಚು ಕಲಿಸುತ್ತದೆ. ಬಡ ತಾಯಿಯನ್ನು ಏನೂ ಬಾರದವಳು ಎಂದು ನೋಡುವ ಕಣ್ಣೇ ಇಲ್ಲಿಲ್ಲ.

ಪ್ರಯೋಗಕ್ಕೂ ಊನಗಳಿದ್ದವು. ಫೋನು ಯಾವಾಗಲೂ ಒಂದೇ ದಿಕ್ಕಿನಲ್ಲಿ ರಿಂಗಾಗುತ್ತಿತ್ತು. ಕೇರಿಯಿಂದ ಬಂದವರು ಗುರುಗಳ ಸಿದ್ಧಾಂತವನ್ನು ಕಲಿತರು, ಅವರಿಗೆ ಮೊದಲೇ ತಿಳಿದಿದ್ದುದರಿಂದ ಸಿದ್ಧಾಂತ ಎಷ್ಟು ಬದಲಾಯಿತು ಎಂಬುದಕ್ಕೆ ಪುಸ್ತಕಗಳಲ್ಲಿ ಗುರುತು ಕಡಿಮೆ. ಆ ತರಬೇತಿ ಹೆಚ್ಚು ಕಾಲ ನಡೆಯಲೂ ಇಲ್ಲ. ಕನ್ನಡಿ, ಫೋನುಗಳ ವಿಧಾನವನ್ನು ಪದವೀಧರರ ಕೋರ್ಸುಗಳು ತೆಗೆದುಕೊಂಡವು, ಯಾರಿಗಾಗಿ ಅದು ರೂಪುಗೊಂಡಿತೋ ಅವರು ಹೊರಗುಳಿದರು. 1973ರ ವೇಲ್ ಸಮ್ಮೇಳನದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು, ಬೇರೆ ಸಂಸ್ಕೃತಿಯವರ ನಡುವೆ ಕೆಲಸ ಮಾಡುವ ಸಾಮರ್ಥ್ಯ ವೃತ್ತಿಧರ್ಮದ ಭಾಗ ಎಂದು ಒಪ್ಪಿಕೊಂಡರು. ವಾಸ್ತವ ಬೇರೆಯಿತ್ತು. ನಾಲ್ಕು ವರ್ಷದ ನಂತರ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಸ್ಯೂ ಸಿಯಾಟಲ್ ಪ್ರದೇಶದ 17 ಮಾನಸಿಕ ಆರೋಗ್ಯ ಕೇಂದ್ರಗಳ ದಾಖಲೆ ಹಿಡಿದು ತೋರಿಸಿದ್ದು: ಕಪ್ಪು ಜನರಲ್ಲಿ ಅರ್ಧಕ್ಕರ್ಧ ಮಂದಿ ಮೊದಲ ಭೇಟಿಯ ನಂತರ ತಿರುಗಿ ಬರುತ್ತಿರಲಿಲ್ಲ, ಬಿಳಿಯರಲ್ಲಿ ಹಾಗೆ ಬಿಟ್ಟುಹೋದವರು ನೂರಕ್ಕೆ ಸುಮಾರು 30.

ಬಂದವರಿಗೆ ಚಿಕಿತ್ಸೆಯನ್ನು ಹೇಗೆ ಒಗ್ಗಿಸಬೇಕು ಎಂಬ ಪ್ರಶ್ನೆ ನಮ್ಮ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೂ, ಅಂದರೆ ಈಗಿನ ನಿಮ್ಹಾನ್ಸ್‌ಗೂ, ಹೊಸದಲ್ಲ. ಅಲ್ಲಿನ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಮ್ 1964ರಲ್ಲೇ ಒಂದು ಲೇಖನ ಬರೆದು, ನಮ್ಮ ರೋಗಿ ಒಳಮನಸ್ಸಿನ ವಿಶ್ಲೇಷಣೆಗಿಂತ ಎದುರಿರುವ ಕಷ್ಟಕ್ಕೆ ನೇರ ಆಸರೆ ಬಯಸುತ್ತಾನೆ, ಚಿಕಿತ್ಸಕ ಅದಕ್ಕೆ ಒಗ್ಗಬೇಕು ಎಂದಿದ್ದರು. ಆಮೇಲೆ ಸಂಸ್ಥೆಯವರು ಬೆಂಗಳೂರಿನ ಸಮೀಪದ ಸಕಲವಾರದಲ್ಲಿ, 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆಯ ತರಬೇತಿ ಕೊಟ್ಟರು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಕಾರ್ಯಕರ್ತರ ಪಾಲಿಗೆ ಬಂದದ್ದು ರೋಗಿಯನ್ನು ಗುರುತಿಸುವುದು, ಡಾಕ್ಟರ ಬಳಿ ಕಳಿಸುವುದು, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು. ಮಾತಿನ ಚಿಕಿತ್ಸೆ ಪದವೀಧರರ ಬಳಿಯೇ ಉಳಿಯಿತು. ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದು ಬೆಂಗಳೂರಿನ ಶೆಡ್ಡಿನಲ್ಲಿರುವ ತಾಯಿ, ಮಾತೇ ಆಡದ ಮಗನನ್ನು ಕರೆದುಕೊಂಡು ಓಪಿಡಿಗೆ ಬಂದರೆ ಅರ್ಧ ದಿನದ ಕೂಲಿ ಹೋಯಿತು. ಎದುರಿಗೆ ಕೂತ ಎಂ.ಫಿಲ್. ವಿದ್ಯಾರ್ಥಿನಿ ಬೇರೆ ರಾಜ್ಯದವಳಾಗಿದ್ದರೆ ಮಗನ ಅಕ್ಕನೇ ದುಭಾಷಿ. ಮಿನೂಚಿನ್ನರ ಪರಿಭಾಷೆ ಆ ವಿದ್ಯಾರ್ಥಿನಿಗೆ ಬಾಯಿಪಾಠ ಇರಬಹುದು. ಮನೆಯ ಹೊರೆ ಹೊತ್ತ ಹಿರಿಯ ಮಗುವನ್ನು ಹೊರೆಯಿಂದ ಇಳಿಸಬೇಕು ಎಂದೂ ಓದಿರುತ್ತಾಳೆ, ಎದುರಿನ ಅಕ್ಕನ ತಲೆಯ ಮೇಲೆ ತಾನೇ ಇನ್ನೊಂದು ಹೊರೆ ಇಡುತ್ತಿರುವುದು ಮಾತ್ರ ಗಮನಕ್ಕೆ ಬರುವುದಿಲ್ಲ. ಗಮನಿಸಿ ಹೇಳಲು ಕನ್ನಡಿಯ ಹಿಂದೆ ಯಾರೂ ಇಲ್ಲ.

ಮಿನೂಚಿನ್ 1998ರಲ್ಲಿ ಪತ್ನಿ ಪೆಟ್ರೀಶಿಯಾ ಮತ್ತು ಹೋರ್ಹೆ ಕೊಲಾಪಿಂಟೊ ಜೊತೆ ‘ವರ್ಕಿಂಗ್ ವಿತ್ ಫ್ಯಾಮಿಲೀಸ್ ಆಫ್ ದ ಪೂರ್’ ಬರೆದರು. ಗಾತ್ರದಲ್ಲಿ ಹಳೆಯದರ ಅರ್ಧದಷ್ಟು. ಇಲ್ಲಿ ಕನ್ನಡಿ ಕುಟುಂಬದ ಕಡೆಗಿಂತ ಇಲಾಖೆಗಳ ಕಡೆಗೇ ಹೆಚ್ಚು ತಿರುಗಿದೆ: ಮಗುವನ್ನು ಮನೆಯಿಂದ ಬಿಡಿಸಿ ಬೇರೆಯವರ ಪಾಲನೆಗೆ ಕೊಡುವ ಕಚೇರಿ, ಮಾದಕ ವ್ಯಸನಿ ಗರ್ಭಿಣಿಯರ ಕೇಂದ್ರ, ಮಕ್ಕಳ ವಸತಿಗೃಹ. ಒಂದೇ ಮನೆಗೆ ಐದಾರು ಸಂಸ್ಥೆಗಳು ನುಗ್ಗಿ ಅದನ್ನು ಹೇಗೆ ಚೂರುಚೂರು ಮಾಡುತ್ತವೆ ಎಂಬುದೇ ಅದರ ವಸ್ತು. ಮೊದಲ ಪುಸ್ತಕ ಹೊರಗಿಟ್ಟಿದ್ದ ಕಚೇರಿಗಳನ್ನು ಮೂವತ್ತೊಂದು ವರ್ಷದ ನಂತರ ಒಳಗೆ ಕರೆದಂತಾಯಿತು. ಮಕ್ಕಳ ಮನಶ್ಶಾಸ್ತ್ರ ಕಲಿಯುವವರಿಗೆ ಎರಡರಲ್ಲಿ ಒಂದನ್ನು ಮಾತ್ರ ಓದಲು ಪುರುಸೊತ್ತಿದ್ದರೆ ನಾನು ಸೂಚಿಸುವುದು ಈ ಎರಡನೆಯದನ್ನೇ, ಜೊತೆಗೆ 1974ರ ಪುಸ್ತಕದಿಂದ ಕಡ್ಡಿ ಗೀರುವ ಆ ಅಧ್ಯಾಯವನ್ನು.