ಜಪಾನೀ ವ್ಯಾಕರಣಕ್ಕೆ ಕನ್ನಡದ ದಾರಿ

ಗೋರೆಗಾಂವಿನ ಕನ್ನಡ ಮನೆಯೊಂದರಲ್ಲಿ ಬೆಳೆಯುವ ಮಗುವಿನ ಕಿವಿಗೆ ಐದು ಭಾಷೆಗಳಾದರೂ ಬೀಳುವುದುಂಟು. ಮನೆಯೊಳಗೆ ಕನ್ನಡ, ಹಲವೆಡೆ ಅದರೊಡನೆ ತುಳು, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಇವುಗಳಲ್ಲಿ ನಾಲ್ಕು ಭಾಷೆಗಳು ಕ್ರಿಯಾಪದವನ್ನು ವಾಕ್ಯದ ಕೊನೆಗಿಡುತ್ತವೆ. ಇಂಗ್ಲಿಷೊಂದೇ ಅದನ್ನು ನಡುವೆ ತರುತ್ತದೆ. ಈ ಮಗುವೇ ಬೆಳೆದು ಜಪಾನೀ ಭಾಷೆಯನ್ನು ಕಲಿಯಹೊರಟಾಗ, ಕ್ರಿಯಾಪದವನ್ನು ಕೊನೆಗೇ ಇಡುವ ಆ ಭಾಷೆಯನ್ನು ಅದಕ್ಕೆ ವಿವರಿಸಿ ಹೇಳುವ ಹೊಣೆ ಸಾಮಾನ್ಯವಾಗಿ ಇಂಗ್ಲಿಷಿನ ಪಾಲಿಗೆ ಬರುತ್ತದೆ. ಹತ್ತಿರದ ಬಾಗಿಲನ್ನು ಮುಚ್ಚಿ, ಊರು ಸುತ್ತಿ ಹಿತ್ತಿಲಿನಿಂದ ಒಳಹೊಕ್ಕಂತಾಗುವ ಈ ಕ್ರಮವು ವಿಮರ್ಶೆಗೆ ಅರ್ಹವಾದುದು.

ಮುಂಬಯಿಗೂ ಜಪಾನಿಗೂ ಇರುವ ನಂಟು ಹಳೆಯದು. 1893ರಲ್ಲಿಯೇ ನಿಪ್ಪೋನ್ ಯೂಸೆನ್ ಕೈಶಾ ಎಂಬ ಹಡಗು ಸಂಸ್ಥೆಯು ಟಾಟಾ ಅವರ ಸಹಕಾರದಿಂದ ಮುಂಬಯಿಯ ಹತ್ತಿಯನ್ನು ಕೋಬೆಗೆ ಒಯ್ಯುವ ಮಾರ್ಗವನ್ನು ತೆರೆಯಿತು. ಇಂದು ಹತ್ತಿಯ ಸ್ಥಾನಕ್ಕೆ ಉದ್ಯೋಗವು ಬಂದಿದೆ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಸರ್ಕಾರಗಳು ಕುಶಲ ಕೆಲಸಗಾರರ ವಿಷಯದಲ್ಲಿ ಒಡಂಬಡಿಕೆ ಮಾಡಿಕೊಂಡವು. ಅದರಂತೆ ರೋಗಿಗಳ ಶುಶ್ರೂಷೆಯೇ ಮೊದಲಾದ ಕೆಲಸಗಳಿಗೆ ಹೋಗುವವರು ಜಪಾನೀ ಭಾಷೆಯಲ್ಲಿ ಪರೀಕ್ಷೆ ಕೊಡಬೇಕು. ಭಾಷೆಯ ಕಲಿಕೆಯು ಇಲ್ಲಿ ವಿನೋದವಲ್ಲ, ಅನ್ನದ ಪ್ರಶ್ನೆ. ಆದುದರಿಂದ ಅದು ಯಾವ ದಾರಿಯಿಂದ ನಡೆಯುತ್ತದೆಂಬುದೂ ಅಲ್ಪ ವಿಷಯವಲ್ಲ.

ಭಾರತದ ತರಗತಿಗಳಲ್ಲಿ ಬಹುವಾಗಿ ಬಳಕೆಯಾಗುವ ಪಠ್ಯವು 1998ರಲ್ಲಿ ಮೊದಲು ಪ್ರಕಟವಾದ ‘ಮಿನ್ನಾ ನೊ ನಿಹೊಂಗೊ’. ಮೂಲ ಪುಸ್ತಕವು ಸಂಪೂರ್ಣ ಜಪಾನಿಯಲ್ಲಿದೆ; ವ್ಯಾಕರಣದ ವಿವರಣೆಯು ಬೇರೆ ಸಂಪುಟದಲ್ಲಿದ್ದು, ಇಲ್ಲಿನ ವಿದ್ಯಾರ್ಥಿಯ ಕೈಗೆ ಸಾಮಾನ್ಯವಾಗಿ ಅದರ ಇಂಗ್ಲಿಷ್ ರೂಪವು ಬರುತ್ತದೆ. ಪಾಠಗಳು ಕ್ರಮಬದ್ಧವಾಗಿವೆ, ಸಂಭಾಷಣೆಗಳು ಉಪಯುಕ್ತವಾಗಿವೆ ಎಂಬುದರಲ್ಲಿ ಸಂದೇಹವಿಲ್ಲ. ದೋಷವಿರುವುದು ಪುಸ್ತಕದಲ್ಲಿ ಅಲ್ಲ. ಇಂಗ್ಲಿಷ್ ಓದುಗನಿಗಾಗಿ ಬರೆದ ವಿವರಣೆಯನ್ನು ಕನ್ನಡಿಗನಿಗೆ ಹಾಗೆಯೇ ಒಪ್ಪಿಸುವುದರಲ್ಲಿ.

ಮೊದಲು ಅಕ್ಷರಗಳ ಮಾತು. ಜಪಾನೀ ಅಕ್ಷರಮಾಲೆಯು ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಮುಂದುವರಿಯುತ್ತದೆ. ಬೌದ್ಧ ಭಿಕ್ಷುಗಳು ಸಂಸ್ಕೃತದ ಸಿದ್ಧಂ ಲಿಪಿಯನ್ನು ಅಭ್ಯಸಿಸಿದುದರ ಫಲವಿದು. ಚವರ್ಗದ ಸ್ಥಾನದಲ್ಲಿ ಸಕಾರವಿದೆ. ಹಿಂದೆ ಪಕಾರವಾಗಿದ್ದುದು ಹಕಾರವಾಗಿದೆ. ಉಳಿದ ಕ್ರಮ ನಮ್ಮ ವರ್ಣಮಾಲೆಯದೇ. ಹ್ರಸ್ವದೀರ್ಘಗಳ ಭೇದವೂ ಒತ್ತಕ್ಷರವೂ ಅಲ್ಲಿ ಅರ್ಥವನ್ನು ಬದಲಿಸುತ್ತವೆ. ‘ಒಬಸಾನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸಾನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ರೋಮನ್ ಲಿಪಿಯಲ್ಲಿ ತೊಡಕಾಗುವ ಈ ಭೇದಗಳನ್ನು ಕನ್ನಡ ಲಿಪಿಯು ಅನಾಯಾಸವಾಗಿ ತೋರಿಸುತ್ತದೆ.

ವಾಕ್ಯರಚನೆಯಲ್ಲಿ ಸಾಮ್ಯವು ಇನ್ನೂ ನಿಕಟವಾದುದು. ‘ಕಿನೋ ಯೊಂದ ಹೊನ್’ ಎಂಬುದು ಪದಕ್ಕೆ ಪದವಿಟ್ಟಂತೆ ‘ನಿನ್ನೆ ಓದಿದ ಪುಸ್ತಕ’. ‘ಇಕು ತೊ ಇತ್ತ’ ಎಂಬುದು ‘ಹೋಗುತ್ತೇನೆ ಎಂದು ಹೇಳಿದನು’. ಅಲ್ಲಿಯ ‘ತೊ’ ನಮ್ಮ ‘ಎಂದು’. ‘ದರೆ’ ಎಂದರೆ ಯಾರು; ‘ದರೆಕ’ ಎಂದರೆ ಯಾರೋ; ‘ದರೆಮೊ ಇನೈ’ ಎಂದರೆ ಯಾರೂ ಇಲ್ಲ. ‘ಕುರು ಕ ಕೊನೈ ಕ’ ಎಂಬುದು ‘ಬರುತ್ತಾನೋ ಬರುವುದಿಲ್ಲವೋ’. ‘ಕಿತೆಮೊ’ ಎಂಬುದು ‘ಬಂದರೂ’. ನಮ್ಮ ಊಕಾರವು ಮಾಡುವ ಕೆಲಸವನ್ನು ಅಲ್ಲಿ ‘ಮೊ’ ಎಂಬುದೂ, ಓಕಾರದ ಕೆಲಸವನ್ನು ‘ಕ’ ಎಂಬುದೂ ಮಾಡುತ್ತವೆ. ಇಂಗ್ಲಿಷ್ ವಿವರಣೆಯಲ್ಲಿ ಇವು ಬೇರೆಬೇರೆ ನಿಯಮಗಳಾಗಿ ಚೆದರಿಹೋಗುತ್ತವೆ. ಕನ್ನಡದಲ್ಲಿ ಎರಡು ಅಕ್ಷರಗಳಿಗೆ ಅಡಗುತ್ತವೆ.

ಕೃದಂತಾವ್ಯಯದ ಮೇಲೆ ಬರುವ ಸಹಾಯಕ ಕ್ರಿಯೆಗಳನ್ನು ನೋಡಿದರೆ ಬೆರಗಾಗುವಂತಿದೆ. ‘ತಬೆತೆ ಮಿರು’ ಎಂದರೆ ತಿಂದು ನೋಡು. ‘ಮಿರು’ ಎಂಬುದು ಕಣ್ಣಿನಿಂದ ನೋಡುವ ಕ್ರಿಯೆಯೇ. ‘ಕೈತೆ ಒಕು’ ಎಂದರೆ ಬರೆದಿಡು. ‘ಒಕು’ ಎಂದರೆ ಇಡು. ‘ವಸುರೆತೆ ಶಿಮತ್ತ’ ಎಂದರೆ ಮರೆತುಬಿಟ್ಟೆ; ಕೆಲಸ ಮುಗಿದುದನ್ನೂ ಅದರೊಡನೆ ಬೆರೆತ ಪರಿತಾಪವನ್ನೂ ಎರಡು ಭಾಷೆಗಳೂ ಒಂದೇ ಉಪಾಯದಿಂದ ಸೂಚಿಸುತ್ತವೆ. ಕಠಿನವೆಂಬ ಭಾವನೆಯಿಂದ ಈ ಪ್ರಯೋಗಗಳನ್ನು ಪಠ್ಯದ ಎರಡನೆಯ ಭಾಗಕ್ಕೆ ಮೀಸಲಿಡಲಾಗಿದೆ. ಕನ್ನಡಿಗನಿಗೆ ಅವನ್ನು ಮೊದಲ ತಿಂಗಳಲ್ಲಿಯೇ ಹೇಳಿಕೊಡಬಹುದು.

ಇನ್ನು ಒಂಬತ್ತನೆಯ ಪಾಠದಲ್ಲಿ ಬರುವ ‘ವಕರು’ ಎಂಬ ಕ್ರಿಯೆ. ‘ನಿಹೊಂಗೊ ಗ ವಕರು’ ಎಂದರೆ ‘ಜಪಾನೀ ತಿಳಿಯುತ್ತದೆ’. ಇಂಗ್ಲಿಷಿನಲ್ಲಿ ತಿಳಿಯುವವನು ಕರ್ತೃ, ಭಾಷೆಯು ಕರ್ಮ. ಆ ಅಭ್ಯಾಸದಿಂದ ವಿದ್ಯಾರ್ಥಿಯು ದ್ವಿತೀಯೆಯ ‘ಒ’ ಪ್ರತ್ಯಯವನ್ನು ಹಚ್ಚಿ ತಪ್ಪುತ್ತಾನೆ. ಗುರುವು ಇದನ್ನು ಅಪವಾದವೆಂದು ಬಾಯಿಪಾಠ ಮಾಡಿಸುತ್ತಾನೆ. ‘ನನಗೆ ಕನ್ನಡ ತಿಳಿಯುತ್ತದೆ’, ‘ನನಗೆ ನೀರು ಬೇಕು’ ಎಂದು ಹುಟ್ಟಿನಿಂದ ಆಡಿದವನಿಗೆ ಇದು ಅಪವಾದವೇ ಅಲ್ಲ. ಮರಾಠಿಯ ‘ಮಲಾ ಕಳತೇ’ ಎಂಬುದೂ ಅವನ ನೆರವಿಗಿದೆ.

ದಿನಬಳಕೆಯ ನುಡಿಗಳಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮನೆಯಿಂದ ಹೊರಡುವ ಜಪಾನೀಯನು ‘ಇತ್ತೆ ಕಿಮಸು’ ಎನ್ನುತ್ತಾನೆ. ಮನೆಯವರು ‘ಇತ್ತೆರಶ್ಶೈ’ ಎನ್ನುತ್ತಾರೆ. ಇದಕ್ಕೆ ಸರಿಸಮನಾದ ನುಡಿ ಇಂಗ್ಲಿಷಿನಲ್ಲಿಲ್ಲ. ಕನ್ನಡದಲ್ಲಿ ಅದು ‘ಹೋಗಿ ಬರುತ್ತೇನೆ’, ‘ಹೋಗಿ ಬನ್ನಿ’. ತುಳುವಿನಲ್ಲಿ ‘ಪೋದು ಬರ್ಪೆ’. ಗೋರೆಗಾಂವಿನ ನೆರೆಮನೆಯ ಮರಾಠಿಯಲ್ಲಿ ‘ಜಾವೂನ್ ಯೇತೋ’. ಬರಿದೆ ‘ಹೋಗುತ್ತೇನೆ’ ಎನ್ನಲು ಅಳುಕುವ ಮನಸ್ಸಿಗೆ ಈ ನುಡಿಯ ಅರ್ಥವನ್ನು ಮಾತ್ರವಲ್ಲ, ಅದರ ಒಳಗಿನ ಭಾವವನ್ನೂ ಯಾರೂ ವಿವರಿಸಬೇಕಾಗಿಲ್ಲ.

ಆದರೆ ಸಾಮ್ಯವೇ ಮೈಮರೆಸಲೂಬಹುದು. ಬಂದೆನು, ಬಂದನು, ಬಂದಳು, ಬಂದರು ಎಂಬ ನಾಲ್ಕಕ್ಕೂ ಜಪಾನಿಯಲ್ಲಿ ‘ಕಿತ’ ಒಂದೇ, ಲಿಂಗವಚನಗಳ ಪ್ರತ್ಯಯವಿಲ್ಲ. ಗುಣವಾಚಕಗಳು ಅಲ್ಲಿ ಕ್ರಿಯೆಗಳಂತೆ ಕಾಲವನ್ನು ಹೊಂದುತ್ತವೆ. ‘ವ’ ಮತ್ತು ‘ಗ’ ಎಂಬ ಪ್ರತ್ಯಯಗಳ ಭೇದವು ನಮ್ಮ ‘ನಾನಂತೂ’, ‘ನಾನೇ’ ಎಂಬ ರೂಪಗಳಿಂದ ಒಂದಷ್ಟು ಹೊಳೆದರೂ ಪೂರ್ಣವಾಗಿ ಕೈವಶವಾಗದು. ನಮ್ಮ ‘ಕೊಡು’ ಒಂದೇ. ಅಲ್ಲಿ ಪರರಿಗೆ ಕೊಟ್ಟರೆ ‘ಅಗೆರು’, ನನಗೆ ಅಥವಾ ನನ್ನವರಿಗೆ ಕೊಟ್ಟರೆ ‘ಕುರೆರು’. ದ್ರಾವಿಡ ಭಾಷೆಗಳಲ್ಲಿ ಕೆಲವು ಇಂತಹ ದಿಕ್ಕಿನ ಭೇದವನ್ನು ಕಾಪಾಡಿಕೊಂಡಿರುವುದನ್ನು ಎಮಿನೋ ಅವರು 1945ರಲ್ಲಿಯೇ ತೋರಿಸಿದ್ದಾರೆ; ಕನ್ನಡದ ‘ತರು’ ಎಂಬುದರಲ್ಲಿ ಆ ದಿಕ್ಕಿನ ನೆನಪು ಉಳಿದಿದೆ. ಎಲ್ಲಕ್ಕಿಂತ ಅಪಾಯಕರವಾದುದು ಗೌರವದ ವಿಷಯ. ‘ನಮ್ಮ ತಂದೆಯವರು ಬಂದಿದ್ದಾರೆ’ ಎಂದು ಹೊರಗಿನವರ ಮುಂದೆ ಹೇಳುವುದು ಕನ್ನಡದಲ್ಲಿ ಸಭ್ಯತೆ. ಜಪಾನಿಯಲ್ಲಿ ಹೊರಗಿನವರೊಡನೆ ತನ್ನ ತಂದೆಯನ್ನೂ ತನ್ನ ಯಜಮಾನನನ್ನೂ ವಿನಯದ ರೂಪದಿಂದಲೇ ಹೇಳಬೇಕು. ಲಿಪಿಯ ಶ್ರಮವಂತೂ ಬೇರೆಯೇ ಇದೆ: 2010ರಲ್ಲಿ ನಿಗದಿಯಾದ ನಿತ್ಯೋಪಯೋಗಿ ಚೀನೀ ಅಕ್ಷರಗಳ ಸಂಖ್ಯೆ 2136. ಇದರಲ್ಲಿ ಕನ್ನಡವು ಸಹಾಯ ಮಾಡಲಾರದು.

ಇಷ್ಟು ಸಾಮ್ಯವನ್ನು ಕಂಡವರು ಎರಡು ಭಾಷೆಗಳೂ ಒಂದೇ ಕುಲದವೆಂದು ಹೇಳಲು ಆತುರಪಡುವುದುಂಟು. ಸುಸುಮು ಓನೋ ಅವರು ತಮಿಳು ಮತ್ತು ಜಪಾನೀ ಭಾಷೆಗಳಿಗೆ ಸಂಬಂಧವನ್ನು ಕಲ್ಪಿಸಿ ದೀರ್ಘಕಾಲ ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಬಹುಮಂದಿ ಅದನ್ನು ಒಪ್ಪಿಲ್ಲ. ಎಚ್ಚರಿಕೆಗೆ ಒಂದು ನಿದರ್ಶನ ಸಾಕು. ಜಪಾನಿಯ ‘ಇರು’ ಎಂಬ ಕ್ರಿಯೆಯು ಧ್ವನಿಯಲ್ಲಿಯೂ ಅರ್ಥದಲ್ಲಿಯೂ ನಮ್ಮ ‘ಇರು’ ಎಂಬುದೇ ಎಂದು ತೋರುತ್ತದೆ. ಆದರೆ ಹಳೆಯ ಜಪಾನಿಯಲ್ಲಿ ಅದು ವಕಾರಾದಿಯಾದ ‘ವಿರು’. ಕುಳಿತುಕೊಳ್ಳುವುದು ಅದರ ಮೂಲಾರ್ಥ. ಹಿಂದಕ್ಕೆ ಹೋದಷ್ಟೂ ಸಾಮ್ಯವು ಕರಗುತ್ತದೆ. ಕ್ರಿಯಾಪದವನ್ನು ಕೊನೆಗಿಡುವ ಭಾಷೆಗಳು ಪರಸ್ಪರ ಸಂಬಂಧವಿಲ್ಲದೆಯೂ ಒಂದೇ ಬಗೆಯ ರಚನೆಗಳನ್ನು ಬೆಳೆಸಿಕೊಳ್ಳಬಲ್ಲವು. ಕಲಿಯುವವನಿಗೆ ಬೇಕಾದುದು ಈ ರಚನೆಯ ನೆರವೇ ಹೊರತು ವಂಶಾವಳಿಯಲ್ಲ.

ಆಗಬೇಕಾದ ಕಾರ್ಯವು ದೊಡ್ಡದೇನೂ ಅಲ್ಲ. ಪಠ್ಯವನ್ನು ಹಾಗೆಯೇ ಇಟ್ಟುಕೊಂಡು, ಅದರ ಪ್ರತಿಯೊಂದು ಪಾಠಕ್ಕೂ ಕನ್ನಡದಲ್ಲಿ ಟಿಪ್ಪಣಿ ಬರೆದರೆ ಸಾಕು. ಯಾವುದು ಒಂದೇ, ಯಾವುದು ಹತ್ತಿರ, ಯಾವುದು ಬೇರೆ ಎಂಬ ಮೂರು ವಿಭಾಗಗಳು ಅದರಲ್ಲಿರಬೇಕು. ವಿಭಕ್ತಿ, ಕೃದಂತ, ಅವ್ಯಯಗಳನ್ನು ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು ವಿಂಗಡಿಸಿ ಇಟ್ಟಿರುವ ಭಾಷೆಗೆ ಪರಿಭಾಷೆಯ ಕೊರತೆಯಿಲ್ಲ. ಪರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡವು ಹಬ್ಬದ ದಿನದ ಉಡುಗೆಯಂತಾಗಿದೆ ಎಂಬ ಕೊರಗು ಮುಂಬಯಿಯಲ್ಲಿ ಆಗಾಗ ಕೇಳಿಬರುತ್ತದೆ. ಆ ಕೊರಗನ್ನು ನೀಗಲು ಭಾಷಾಭಿಮಾನದ ಉಪದೇಶಕ್ಕಿಂತ, ಮನೆಯ ಮಾತಿನಿಂದ ದೂರದ ಮಾತೊಂದು ಸುಲಭವಾಗಿ ತೆರೆದುಕೊಂಡ ಅನುಭವವೇ ಹೆಚ್ಚು ಸಮರ್ಥವಾದುದು. ಕನ್ನಡದ ಮೂಲಕ ಕಲಿತ ಜಪಾನೀ ವಿದ್ಯಾರ್ಥಿಯು ಎರಡು ಭಾಷೆಗಳನ್ನು ಒಟ್ಟಿಗೆ ಕಲಿತಂತಾಗುತ್ತದೆ. ಅವುಗಳಲ್ಲಿ ಒಂದು ತನ್ನದೇ.