ಸ್ಥಾಪನೆಯ ಕೈಪಿಡಿಗಳಲ್ಲಿ ಪರಿಭಾಷೆಯ ಗೊಂದಲ

ಶಾಸ್ತ್ರವಿಷಯದ ಬರಹದಲ್ಲಿ ಒಂದು ಶಬ್ದಕ್ಕೆ ಒಂದೇ ಅರ್ಥವಿರಬೇಕೆಂಬುದು ಎಲ್ಲರೂ ಒಪ್ಪಿದ ನಿಯಮ. ಗಣಕಯಂತ್ರದಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಲು ಹೊಸಬರಿಗೆಂದೇ ಬರೆದ ಕೈಪಿಡಿಗಳಲ್ಲಿ ಈ ನಿಯಮ ಪದೇ ಪದೇ ಮುರಿದಿರುವುದನ್ನು ಕಾಣುತ್ತೇವೆ. ಕೇರಳದ ಸರಕಾರಿ ಶಾಲೆಗಳಲ್ಲಿ ಉಬುಂಟುವನ್ನು ಆಧರಿಸಿದ ಲಿನಕ್ಸ್ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಅಧ್ಯಾಪಕರಿಗೂ ಇದು ದೂರದ ವಿಷಯವಲ್ಲ.

‘ಫೈಲ್ ಸಿಸ್ಟಮ್’ ಎಂಬುದನ್ನೇ ನೋಡೋಣ. ಡಿಸ್ಕಿನ ಒಂದು ಪಾಲಿನಲ್ಲಿ, ಎಂದರೆ ಪಾರ್ಟಿಷನ್ನಿನಲ್ಲಿ, ಕಡತಗಳನ್ನು ಬರೆದಿಡುವ ಕ್ರಮಕ್ಕೆ ಈ ಹೆಸರುಂಟು. 1993ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಬಂದ ಎನ್‌ಟಿಎಫ್‌ಎಸ್, 2008ರಲ್ಲಿ ಲಿನಕ್ಸಿನಲ್ಲಿ ನೆಲೆಗೊಂಡ ಇಎಕ್ಸ್‌ಟಿ4 ಇಂಥವು. ‘/’ ಎಂಬ ಓರೆಗೆರೆಯಿಂದ ಹೊರಟು ಕವಲೊಡೆಯುವ ಕೋಶಗಳ ವೃಕ್ಷಕ್ಕೂ ಅದೇ ಹೆಸರು. ‘ರೂಟ್’ ಶಬ್ದದ ಪಾಡು ಇನ್ನೂ ಕಷ್ಟ: ವೃಕ್ಷದ ಮೂಲವೂ ರೂಟ್, ಸರ್ವಾಧಿಕಾರವುಳ್ಳ ಬಳಕೆದಾರನೂ ರೂಟ್, ಅವನ ಸ್ವಂತ ಕೋಶವೂ ರೂಟ್. ಬಲ್ಲವನು ಸಂದರ್ಭದಿಂದ ಅರ್ಥಮಾಡಿಕೊಂಡಾನು. ಹೊಸಬನಿಗೆ ಸಂದರ್ಭವೇ ತಿಳಿಯದು.

ಇದರಿಂದಾಗುವ ಹಾನಿ ಸಣ್ಣದಲ್ಲ. ವಿಂಡೋಸಿನಲ್ಲಿ ‘ಸಿ ಡ್ರೈವ್’, ‘ಡಿ ಡ್ರೈವ್’ ಎನ್ನುವುವು ಅನೇಕ ವೇಳೆ ಒಂದೇ ಡಿಸ್ಕಿನ ಎರಡು ಪಾರ್ಟಿಷನ್‌ಗಳು. ಅವನ್ನು ಬೇರೆ ಬೇರೆ ಡಿಸ್ಕುಗಳೆಂದು ನಂಬಿದವನು ಡಿಸ್ಕನ್ನು ಅಳಿಸಿ ಉಬುಂಟು ಸ್ಥಾಪಿಸುವ ಆಯ್ಕೆಯನ್ನು ಒತ್ತಿದರೆ, ಡಿಯಲ್ಲಿದ್ದ ಅಂಕಪಟ್ಟಿಗಳೂ ಪ್ರಶ್ನೆಪತ್ರಿಕೆಗಳೂ ಹೋದಂತೆಯೇ. ಅಂಗಡಿಯ ಮಾತಿನಲ್ಲಿ ‘ಫಾರ್ಮ್ಯಾಟ್ ಮಾಡಿಸುವುದು’ ಎಂದರೆ ವಿಂಡೋಸನ್ನು ಹೊಸದಾಗಿ ಹಾಕಿಸುವುದು. ಕೈಪಿಡಿಯಲ್ಲಿ ಅದು ಪಾರ್ಟಿಷನ್ನಿನಲ್ಲಿ ಹೊಸ ಫೈಲ್ ಸಿಸ್ಟಮ್ ರಚಿಸುವುದು. ಈ ಅಂತರವನ್ನು ಕೈಪಿಡಿಕಾರರು ಹೇಳಲೇಬೇಕು.

ಡೆಬಿಯನ್ನಿನ ಅಧಿಕೃತ ಕೈಪಿಡಿ ಇವುಗಳಲ್ಲಿ ಮೇಲ್ಮಟ್ಟದ್ದು. ಇದ್ದ ಕಡತಗಳ ಪ್ರತಿಯನ್ನು ಮೊದಲು ತೆಗೆದಿಡಬೇಕೆಂದು ಅದು ಎಚ್ಚರಿಸುತ್ತದೆ. ಕೋಶವೃಕ್ಷವನ್ನು ಪಟ್ಟಿಯೊಡನೆ ವಿವರಿಸುತ್ತದೆ. ಆದರೆ ಆ ವಿವರಣೆಯನ್ನು ಅನುಬಂಧದಲ್ಲಿರಿಸಿದೆ. ಡಿಸ್ಕನ್ನು ಭಾಗಮಾಡಿ ಮುಗಿದ ಮೇಲೆ ದೊರೆಯುವ ಅರ್ಥದಿಂದ ಪ್ರಯೋಜನವೇನು?

ಹೊಸಬನಿಗೆ ಶಬ್ದಾರ್ಥ ಬೇಡ, ಒತ್ತಬೇಕಾದುದನ್ನು ಕ್ರಮವಾಗಿ ಹೇಳಿದರೆ ಸಾಕೆಂಬ ವಾದವುಂಟು. ಪರದೆಯ ರೂಪ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆಂಬುದನ್ನು ಈ ವಾದ ಮರೆತಿದೆ. ಆದುದರಿಂದ ಕನ್ನಡದಲ್ಲಿ ಇಂಥ ಕೈಪಿಡಿ ಬರೆಯುವವರು ಡಿಸ್ಕ್, ಪಾರ್ಟಿಷನ್ ಎಂಬ ರೂಢಿಯ ಮಾತುಗಳನ್ನು ಉಳಿಸಿಕೊಳ್ಳಲಿ. ‘ಫೈಲ್ ಸಿಸ್ಟಮ್’ ಬರೆದಿಡುವ ಕ್ರಮಕ್ಕೆ ಮಾತ್ರ, ‘ಕೋಶವೃಕ್ಷ’ ಕವಲುಗಳಿಗೆ ಮಾತ್ರ ನಿಲ್ಲಲಿ. ‘ಮೌಂಟ್’ ಎಂದರೆ ಪಾರ್ಟಿಷನ್ನನ್ನು ವೃಕ್ಷದ ಒಂದು ಕೋಶಕ್ಕೆ ಜೋಡಿಸುವುದೆಂದು ತಿಳಿಸಲಿ. ಈ ಅರ್ಥಪಟ್ಟಿ ಮೊದಲ ಪುಟದಲ್ಲಿಯೇ ಇರತಕ್ಕದ್ದೆಂದು ನಾವು ಅಭಿಪ್ರಾಯಪಡುತ್ತೇವೆ.