‘ತಿಳಿಯುವ ನುಡಿ’: ಮನೋರೋಗಿಗಳ ಹಕ್ಕಿನ ಕಾಯಿದೆಯೂ ಕನ್ನಡ ಪರಿಭಾಷೆಯೂ

ಕಾಯಿದೆಯೂ ಒಂದು ಗ್ರಂಥವೇ. ಅದರ ಒಂದೊಂದು ಪದವನ್ನೂ ಮನುಷ್ಯರ ಆಸ್ತಿ, ಮಾನ, ಸ್ವಾತಂತ್ರ್ಯಗಳು ಅವಲಂಬಿಸಿರುವುದರಿಂದ ಕಾವ್ಯಕ್ಕೆ ಸಲ್ಲುವಷ್ಟೇ ಸೂಕ್ಷ್ಮವಾದ ಶಬ್ದವಿಮರ್ಶೆ ಅದಕ್ಕೂ ಸಲ್ಲತಕ್ಕದ್ದು. ೨೦೧೭ನೆಯ ಇಸವಿಯ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ೨೦೧೮ನೆಯ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ವೈದ್ಯರೂ ನ್ಯಾಯವಾದಿಗಳೂ ಅದನ್ನು ತಮ್ಮ ತಮ್ಮ ದೃಷ್ಟಿಯಿಂದ ಚರ್ಚಿಸಿದ್ದಾರೆ. ಭಾಷಾಜ್ಞರು ಚರ್ಚಿಸಬೇಕಾದ ಭಾಗವೂ ಅದರಲ್ಲಿದೆ. ರೋಗಿಗೆ ಕೊಡುವ ತಿಳಿವಳಿಕೆಯು ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ ಇರಬೇಕೆಂದು ಅದರ ೨೨ನೆಯ ಕಲಮು ವಿಧಿಸುತ್ತದೆ. ಇದು ಮೇಲ್ನೋಟಕ್ಕೆ ಸಣ್ಣದೊಂದು ಸೌಕರ್ಯವೆಂದು ಕಂಡರೂ ಉಳಿದ ಹಕ್ಕುಗಳಿಗೆಲ್ಲ ಇದೇ ತಳಹದಿಯೆಂಬುದನ್ನು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ನಿದರ್ಶನದಿಂದ ಪರಿಶೀಲಿಸಬಹುದು.

ಮೊದಲು ಹಳೆಯ ಮಾತುಗಳ ವಿಚಾರ. ಹಳಗನ್ನಡದ ‘ಮರುಳ್’ ಶಬ್ದಕ್ಕೆ ಪಿಶಾಚಿಯೆಂಬರ್ಥವೂ ಬುದ್ಧಿಭ್ರಮೆಯೆಂಬರ್ಥವೂ ಉಂಟು. ಮರುಳಾದವನು ಆಡುವ ಮಾತು ಅವನದಲ್ಲ, ಅವನನ್ನು ಹಿಡಿದುದರದು ಎಂಬ ಭಾವನೆ ಈ ಅರ್ಥಸಂಯೋಗದಲ್ಲಿ ಅಡಗಿದೆ. ಧರ್ಮಶಾಸ್ತ್ರವು ‘ಉನ್ಮತ್ತ’ನನ್ನು ಬೇರೊಂದು ರೀತಿಯಿಂದ ಕಂಡಿತು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನದ ಪ್ರಕಾರ ಉನ್ಮತ್ತನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ. ಆದರೆ ಅವನನ್ನು ಪೋಷಿಸುವುದು ಪಾಲು ಪಡೆದವರ ಕರ್ತವ್ಯ. ವಿಭಾಗವಾದ ಮೇಲೆ ಔಷಧಾದಿಗಳಿಂದ ದೋಷವು ನೀಗಿದರೆ ಅವನಿಗೆ ಪಾಲು ಸಲ್ಲಬೇಕೆಂದೂ ವಿಜ್ಞಾನೇಶ್ವರನು ಹೇಳುತ್ತಾನೆ. ರೋಗವು ಶಾಶ್ವತವಾದ ಕಳಂಕವಲ್ಲ, ಗುಣವಾಗತಕ್ಕದ್ದು ಎಂಬ ಈ ವಿವೇಕವು ಗಮನಾರ್ಹವಾದುದು. ಆದರೂ ಅನ್ನಕ್ಕೆ ಅರ್ಹನಾದವನು ಮಾತಿಗೆ ಅರ್ಹನೇ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಿಲ್ಲ. ಪಾಲನ್ನು ನಿರಾಕರಿಸುವ ನಿಯಮವನ್ನು ೧೯೨೮ರ ಕಾಯಿದೆಯು ಬಹುಮಟ್ಟಿಗೆ ಸಡಿಲಿಸಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ರೋಗದ ಕಾರಣದಿಂದ ಬರುವ ಅನರ್ಹತೆಯನ್ನು ತೆಗೆದೇಹಾಕಿತು.

ಇಂಗ್ಲಿಷರ ಕಾಲದಲ್ಲಿ ‘ಲ್ಯೂನಟಿಕ್’ ಎಂಬ ಶಬ್ದವು ಬಂದಿತು. ಚಂದ್ರವಾಚಕವಾದ ಲ್ಯಾಟಿನ್ ಪದದಿಂದ ಹುಟ್ಟಿದ ಈ ಮಾತು, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಹುಚ್ಚು ಕೆರಳುವುದೆಂಬ ನಮ್ಮ ಜನರ ನಂಬಿಕೆಗೆ ದೂರವಾದುದಲ್ಲ. ೧೮೫೮ರ ಕಾಯಿದೆಗಳೂ ಅನಂತರ ೧೯೧೨ರ ಕಾಯಿದೆಯೂ ಈ ಶಬ್ದದ ಮೇಲೆಯೇ ನಿಂತವು. ಉತ್ತರ ಕನ್ನಡವು ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕ ಕರಾವಳಿಯ ಈ ತಾಲೂಕುಗಳಿಗೆ ಅದೇ ಪ್ರಾಂತದ ಕನ್ನಡ ಸೀಮೆಯ ಆಶ್ರಯವೆಂದರೆ ೧೮೪೫ರಲ್ಲಿ ಸ್ಥಾಪಿತವಾಗಿದ್ದ ಧಾರವಾಡದ ಹುಚ್ಚರ ಆಸ್ಪತ್ರೆ. ೧೯೧೨ರ ಕಾಯಿದೆಯಲ್ಲಿ ತಾನಾಗಿ ಬಂದು ಸೇರುವವರಿಗೂ ಅವಕಾಶವಿತ್ತು. ಆದರೆ ಅದರ ಮುಖ್ಯಕ್ರಮದಲ್ಲಿ ಅರ್ಜಿ ಬಂಧುವಿನದು, ಪ್ರಮಾಣಪತ್ರ ವೈದ್ಯರಿಬ್ಬರದು, ಆಜ್ಞೆ ಮ್ಯಾಜಿಸ್ಟ್ರೇಟನದು. ಘಟ್ಟ ಹತ್ತಿ ಹೋಗಬೇಕಾದವನ ಇಚ್ಛೆಗೆ ಈ ಸರಣಿಯಲ್ಲಿ ಸ್ಥಾನವಿರಲಿಲ್ಲ.

೧೯೮೭ರಲ್ಲಿ ಅಂಗೀಕೃತವಾಗಿ ೧೯೯೩ರಲ್ಲಿ ಜಾರಿಗೆ ಬಂದ ಕಾಯಿದೆಯು ಆ ಹಳೆಯ ಶಬ್ದವನ್ನು ಬಿಟ್ಟು ‘ಮಾನಸಿಕ ರೋಗಿ’ ಎಂದಿತು. ಹೆಸರು ಸೌಮ್ಯವಾಯಿತು. ಆದರೂ ಬಂಧುವೋ ಮಿತ್ರನೋ ಅರ್ಜಿ ಕೊಟ್ಟರೆ, ವೈದ್ಯರಿಬ್ಬರ ಪ್ರಮಾಣಪತ್ರದ ಮೇಲೆ, ನ್ಯಾಯಾಲಯದ ಆಜ್ಞೆಯಿಲ್ಲದೆಯೇ ತೊಂಬತ್ತು ದಿನಗಳವರೆಗೆ ಒಬ್ಬನನ್ನು ಇರಿಸಿಕೊಳ್ಳಲು ಅದರಲ್ಲಿ ಎಡೆಯಿತ್ತು. ೨೦೦೧ನೆಯ ಆಗಸ್ಟ್ ೬ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸಂಕೋಲೆಯಲ್ಲಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಕಾಯಿದೆ ಇದ್ದೂ ರಕ್ಷಣೆ ಇಲ್ಲದಿರುವ ಸ್ಥಿತಿ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಘೋರವಾದ ಸಾಕ್ಷ್ಯ ಬೇಕಿಲ್ಲ.

೨೦೧೭ರ ಕಾಯಿದೆಯು ಸಂಕೋಲೆಯನ್ನು ಯಾವ ರೂಪದಲ್ಲಿಯೂ ನಿಷೇಧಿಸುತ್ತದೆ. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡಕೂಡದೆನ್ನುತ್ತದೆ. ಉಚಿತ ಕಾನೂನು ನೆರವು, ದೂರು ಕೊಡುವ ಹಕ್ಕು, ತನ್ನ ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕು ಇವುಗಳನ್ನು ಕೊಡುತ್ತದೆ. ತಕರಾರು ಕೇಳುವ ಪುನರ್ವಿಮರ್ಶಾ ಮಂಡಲಿಯಲ್ಲಿ ರೋಗವನ್ನು ಅನುಭವಿಸಿದವರಿಗೂ ಅವರ ಆರೈಕೆ ಮಾಡಿದವರಿಗೂ ಪೀಠ ದೊರೆಯುವಂತೆ ಮಾಡಿದೆ. ಸಮಾಜದ ನೀತಿ, ಆಚಾರ, ಮತವಿಶ್ವಾಸಗಳಿಗೆ ಹೊಂದಿಕೊಳ್ಳದಿರುವುದನ್ನು ಮನೋರೋಗದ ಲಕ್ಷಣವೆಂದು ಎಣಿಸಕೂಡದೆಂಬ ವಿಧಿಯು ಅವಧೂತರನ್ನೂ ಅಕ್ಕಮಹಾದೇವಿಯನ್ನೂ ಬಲ್ಲ ಕನ್ನಡಿಗರಿಗೆ ವಿಶೇಷವಾಗಿ ಪ್ರಿಯವಾಗತಕ್ಕದ್ದು. ಒಬ್ಬನ ನಿರ್ಧಾರವು ಇತರರಿಗೆ ತಪ್ಪೆಂದು ತೋರಿದ ಮಾತ್ರಕ್ಕೆ ಅವನಿಗೆ ನಿರ್ಧರಿಸುವ ಶಕ್ತಿಯೇ ಇಲ್ಲವೆನ್ನಲಾಗದೆಂದೂ ಕಾಯಿದೆ ಹೇಳುತ್ತದೆ. ಹಿಂದಿನ ಕಾನೂನುಗಳು ರೋಗಿಯ ದೇಹವನ್ನೂ ಸ್ವತ್ತನ್ನೂ ಕಾದು ಅವನ ಮಾತನ್ನು ಬದಿಗಿಟ್ಟಿದ್ದವು. ಈ ಕಾಯಿದೆಯು ಆ ಮಾತಿಗೆ ಬೆಲೆ ಕಟ್ಟಿತು.

ಇತರರು ತನ್ನ ವಿಷಯವಾಗಿ ಏನನ್ನೋ ನಿಶ್ಚಯಿಸುತ್ತಿದ್ದಾರೆ, ಆದರೆ ಅದೇನೆಂದು ತನಗೆ ತಿಳಿಯದು ಎಂಬ ಸ್ಥಿತಿಯ ಭಯವನ್ನು ಕುಮಟಾ ತಾಲೂಕಿನ ಹನೇಹಳ್ಳಿಯವರಾದ ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಕಾದಂಬರಿಯು ಅಸಾಧಾರಣವಾಗಿ ಚಿತ್ರಿಸಿದೆ. ಅದರ ನಾಗಪ್ಪನು ಆಸ್ಪತ್ರೆಯ ರೋಗಿಯಲ್ಲ, ಮುಂಬಯಿಯ ಕಂಪನಿಯೊಂದರ ಅಧಿಕಾರಿ. ಆದರೂ ೨೨ನೆಯ ಕಲಮು ಯಾವ ಭಯವನ್ನು ನೀಗಿಸಲು ಹುಟ್ಟಿತೆಂಬುದನ್ನು ಆ ಕಾದಂಬರಿಯ ಓದುಗರು ಬೇಗನೆ ಗ್ರಹಿಸಬಲ್ಲರು. ತನ್ನನ್ನು ಯಾವ ಕಲಮಿನ ಮೇರೆಗೆ ಸೇರಿಸಲಾಗಿದೆ, ರೋಗ ಯಾವುದು, ಚಿಕಿತ್ಸೆ ಏನು, ಮಂಡಲಿಗೆ ಅರ್ಜಿ ಕೊಡಬಹುದೇ ಎಂಬುದನ್ನು ರೋಗಿಗೆ ತಿಳಿಸತಕ್ಕದ್ದು. ತಿಳಿಯದವನಿಗೆ ಅರ್ಜಿಯ ಹಕ್ಕು ಇದ್ದೂ ಇಲ್ಲದಂತೆಯೇ.

ಹಾಗಾದರೆ ಯಾವ ನುಡಿಯಲ್ಲಿ ತಿಳಿಸಬೇಕು? ಭಟ್ಕಳದ ನವಾಯತರ ಮನೆಮಾತು ಕೊಂಕಣಿಯ ಬಂಧುವಾದ ನವಾಯತಿ; ಅದನ್ನು ಬರೆಯುವುದು ಅರಬೀ ಮೂಲದ ಲಿಪಿಯಲ್ಲಿ. ಕಡಲ ದಂಡೆಯ ಖಾರ್ವಿಗಳದು, ಹೊನ್ನಾವರದ ಕ್ರೈಸ್ತರದು, ಸಾರಸ್ವತರದು ಕೊಂಕಣಿ. ಹಾಲಕ್ಕಿ ಒಕ್ಕಲಿಗರ ಕನ್ನಡ ಬೇರೆ, ಹವ್ಯಕರ ಕನ್ನಡ ಬೇರೆ. ಮನಸ್ಸು ಕದಡಿದಾಗ ಮನುಷ್ಯನು ಶಾಲೆಯಲ್ಲಿ ಕಲಿತ ನುಡಿಗಿಂತ ಮನೆಯ ನುಡಿಯನ್ನೇ ಆಶ್ರಯಿಸುವುದು ಸಹಜ. ಇಂತಿರಲು ಗ್ರಂಥಸ್ಥ ಕನ್ನಡದ ಮುದ್ರಿತ ಪತ್ರವೊಂದನ್ನು ಕೈಗಿತ್ತು ಸಹಿ ಪಡೆದರೆ ಕಲಮಿನ ಅಕ್ಷರ ಉಳಿದೀತು, ಅರ್ಥ ಉಳಿಯದು.

ಗ್ರಂಥಸ್ಥ ಕನ್ನಡದಲ್ಲಿಯೂ ತೊಡಕುಗಳಿವೆ. ರೋಗಿಯು ಸ್ವಸ್ಥನಾಗಿರುವಾಗಲೇ ತನಗೆ ಮುಂದೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡವೆಂದು ಬರೆದಿಡುವ ಪತ್ರವನ್ನು ‘ಮುಂಗಡ ನಿರ್ದೇಶನ’ವೆಂದು ಪದಶಃ ಅನುವಾದಿಸುವುದುಂಟು. ‘ಮುಂಗಡ’ವೆಂದರೆ ವ್ಯವಹಾರದಲ್ಲಿ ಮೊದಲೇ ಕೊಡುವ ಹಣ, ಆಸ್ಪತ್ರೆಯಲ್ಲಿ ಆ ಮಾತನ್ನು ಕೇಳಿದ ಬಡವನು ಮೊದಲು ಕಿಸೆಯನ್ನು ನೋಡಿಕೊಳ್ಳುತ್ತಾನೆ. ‘ನಾಮನಿರ್ದೇಶಿತ ಪ್ರತಿನಿಧಿ’ ಎಂದರೆ ಬ್ಯಾಂಕಿನ ‘ನಾಮಿನಿ’ಯ, ಎಂದರೆ ಸತ್ತ ಮೇಲೆ ಹಣ ಪಡೆಯುವವನ, ನೆನಪಾಗುತ್ತದೆ, ಕಾಯಿದೆಯ ಪ್ರತಿನಿಧಿಯಾದರೋ ಬದುಕಿರುವವನ ಪರವಾಗಿ ನಿಲ್ಲತಕ್ಕವನು. ‘ಚಿಕಿತ್ಸೆಯ ಮುನ್ಸೂಚನೆಪತ್ರ’, ‘ಆಪ್ತಪ್ರತಿನಿಧಿ’ ಎಂಬಂಥ ಮಾತುಗಳು ಈ ದೋಷಕ್ಕೆ ದೂರವಾಗಿವೆ. ‘ಮಾನಸಿಕ ಅಸ್ವಸ್ಥ’ನೆಂಬ ಬಳಕೆಯು ರೋಗವನ್ನೇ ಮನುಷ್ಯನ ಹೆಸರಾಗಿಸುತ್ತದೆ, ಕಾಯಿದೆಯು ವ್ಯಕ್ತಿಯನ್ನೂ ರೋಗವನ್ನೂ ಬೇರ್ಪಡಿಸಿ ‘ಮನೋರೋಗವಿರುವ ವ್ಯಕ್ತಿ’ ಎಂದಿರುವುದು ಸಕಾರಣವಾಗಿದೆ. ‘ಬುದ್ಧಿಮಾಂದ್ಯ’ವನ್ನು ಮನೋರೋಗದೊಡನೆ ಬೆರಸುವುದಂತೂ ಕಾಯಿದೆಯ ಲಕ್ಷಣವಾಕ್ಯಕ್ಕೇ ವಿರುದ್ಧ.

ಇನ್ನೊಂದು ದೋಷವು ಅನುವಾದದ್ದಲ್ಲ, ಮೂಲದ್ದೇ. ೮೯ನೆಯ ಕಲಮಿನ ‘ಬೆಂಬಲಿತ ದಾಖಲಾತಿ’ ಎಂದರೆ ಪ್ರತಿನಿಧಿಯ ಅರ್ಜಿಯ ಮೇಲೆ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿದ ನಂತರ, ರೋಗಿಯ ಸಮ್ಮತಿಯಿಲ್ಲದೆಯೂ ಮೂವತ್ತು ದಿನಗಳವರೆಗೆ ಅವನನ್ನು ಸೇರಿಸಿಕೊಳ್ಳುವುದು. ಬಲಾತ್ಕಾರಕ್ಕೆ ಎಡೆಯಿರುವ ಕ್ರಿಯೆಗೆ ಬೆಂಬಲವೆಂಬ ಹೆಸರು ಒಪ್ಪದು. ಹೆಸರು ಮೃದುವಾದಷ್ಟೂ ತಾನು ಅದನ್ನು ಪ್ರಶ್ನಿಸಬಹುದೆಂಬುದು ರೋಗಿಗೆ ಹೊಳೆಯುವುದು ಕಷ್ಟ.

ಪಾರಿಭಾಷಿಕ ಶಬ್ದಗಳಿಗೆ ಕಾಯಿದೆಯೇ ಅರ್ಥ ಹೇಳಿರುವುದರಿಂದ ಲೋಕರೂಢಿಯ ಅರ್ಥ ಗಣನೀಯವಲ್ಲವೆಂದು ಕೆಲವರು ವಾದಿಸಬಹುದು. ನ್ಯಾಯಾಲಯದಲ್ಲಿ ಈ ವಾದವು ಸರಿ. ಆಸ್ಪತ್ರೆಯ ಹಾಸಿಗೆಯ ಬಳಿಯಲ್ಲಿ ಸರಿಯಲ್ಲ. ಅಲ್ಲಿ ಕೇಳುವವನ ತಿಳಿವಳಿಕೆಯೇ ಪ್ರಮಾಣವೆಂದು ಕಾಯಿದೆಯೇ ವಿಧಿಸಿದೆ. ರೋಗಿಗೆ ಏನು ಹೇಳಿದರೂ ತಿಳಿಯದೆಂಬ ಆಕ್ಷೇಪಕ್ಕೂ ಅಲ್ಲಿಯೇ ಉತ್ತರವಿದೆ: ಸೇರುವಾಗ ತಿಳಿಯಲಾರದವನಿಗೆ, ತಿಳಿಯಬಲ್ಲ ಸ್ಥಿತಿ ಬಂದೊಡನೆ ಪೂರ್ಣವಾಗಿ ತಿಳಿಸುವುದು ವೈದ್ಯಾಧಿಕಾರಿಯ ಹೊಣೆ.

ಪರಿಭಾಷಾಕೋಶಗಳನ್ನು ಸಿದ್ಧಪಡಿಸುವವರು ಒಂದು ಶಬ್ದವನ್ನು ಅಂಗೀಕರಿಸುವ ಮುನ್ನ ಅದನ್ನು ಹೊನ್ನಾವರದ ಬಂದರದಲ್ಲಿಯೂ ಕುಮಟೆಯ ಹಾಲಕ್ಕಿ ಕೊಪ್ಪದಲ್ಲಿಯೂ ಓದಿ ಹೇಳಿ, ಕೇಳಿದವರು ಏನೆಂದು ತಿಳಿದರೆಂಬುದನ್ನು ಬರೆದುಕೊಳ್ಳುವುದು ಉಚಿತ. ನವಾಯತಿ, ಕೊಂಕಣಿಗಳಿಗಾಗಿ ಆಯಾ ನುಡಿಯವರ ಸಹಾಯವನ್ನೇ ಪಡೆಯಬೇಕು. ಈ ಕೆಲಸದಲ್ಲಿ ವೈದ್ಯರಿಗೂ ವಕೀಲರಿಗೂ ನೆರವಾಗಬಲ್ಲವರು ಭಾಷೆಯನ್ನು ಕಲಿಸುವವರೇ ಆಗಿದ್ದಾರೆ.